ಅಳತೆಯವನ ಬಾವಿ

ನಮ್ಮೂರಿನಲ್ಲಿ ಗಂಡುಹುಡುಗನಿಗೆ ದನಿ ಒಡೆದ ವರ್ಷ ಹಿತ್ತಿಲಿನಲ್ಲಿ ಅವನ ಹೆಸರಿನ ಬಾವಿ ತೋಡುತ್ತಾರೆ. ನೀರು ಬಂದು ಎಲ್ಲಿ ನಿಲ್ಲುತ್ತದೋ ಅದು ಆ ಗಂಡಸಿನ ಕಸುವು. ಬೆಳಿಗ್ಗೆ ಮೇಲಿರುತ್ತದೆ, ಸಂಜೆಗೆ ಒಂದು ಗೇಣು ಕೆಳಗೆ ಹೋಗುತ್ತದೆ. ಮೂವತ್ತು ದಾಟಿದ ಮೇಲೆ ವರ್ಷ ವರ್ಷ ಬೆರಳಷ್ಟು ಇಳಿಯುತ್ತದೆ. ಹೊಟ್ಟೆ ಬಂದವನದು ಬೇಗ ಇಳಿಯುತ್ತದೆ, ನಿದ್ದೆಗೆಟ್ಟವನದು ಇನ್ನೂ ಬೇಗ. ಹೆಂಗಸರು ಅದೇ ನೀರಿನಲ್ಲಿ ಅಡುಗೆ ಮಾಡುತ್ತಾರೆ, ಪಾತ್ರೆ ತೊಳೆಯುತ್ತಾರೆ, ಎಮ್ಮೆಗೆ ಕುಡಿಸುತ್ತಾರೆ. ಸೇದುವಾಗ ರಾಟೆ ಎಷ್ಟು ಸಲ ಕಿರ್ ಅಂದಿತು ಎಂದು ಪಕ್ಕದ ಮನೆಯವರು ಎಣಿಸುತ್ತಾರೆ. ಅದಕ್ಕೇ ನಲವತ್ತು ದಾಟಿದ ಗಂಡಸರು ಅಂಗಡಿಗೆ ಹೋಗಿ ಹರಳೆಣ್ಣೆ ಕೇಳಿದರೆ ಯಾತಕ್ಕೆ ಎಂದು ಅಂಗಡಿಯವನು ಕೇಳುವುದಿಲ್ಲ.

ಒಂದು ಸಲ ದೊಡ್ಡೂರಿನಿಂದ ಡಾಕ್ಟರೊಬ್ಬರು ಬಂದು ಶಾಲೆಯ ಜಗುಲಿಯಲ್ಲಿ ನಮ್ಮ ರಕ್ತ ತೆಗೆದರು. ಗಂಡಸಿನ ಮೈಯಲ್ಲಿ ಒಂದು ಹಾರ್ಮೋನು ಇರುತ್ತದೆ, ದಿನವೂ ವ್ಯಾಯಾಮ ಮಾಡಿದರೆ ಒಳ್ಳೆಯದು ಎಂದರು. ಅವರು ಬರೆದುಕೊಟ್ಟ ಅಂಕಿಗಳನ್ನು ಯಾರೂ ನೋಡಲಿಲ್ಲ. ಎಲ್ಲರೂ ಮನೆಗೆ ಹೋಗಿ ಬಾವಿಗೆ ಬಗ್ಗಿ ನೋಡಿದರು. ವ್ಯಾಯಾಮ ಎನ್ನುವುದು ಮಾತ್ರ ಊರಿನ ತಲೆಯಲ್ಲಿ ಉಳಿಯಿತು. ಎಷ್ಟು ಎನ್ನುವುದನ್ನು ನಾವು ಕೇಳಲಿಲ್ಲ, ಅವರಿಗೂ ಬಸ್ಸಿನ ಹೊತ್ತಾಗಿತ್ತು.

ನಾನು ಈ ಊರಿನ ಅಳತೆಯವನು, ಹೆಸರು ಮಾದಪ್ಪ. ನಮ್ಮಪ್ಪ ಬಿಟ್ಟುಹೋದ ಹುರಿ ನನ್ನ ಹತ್ತಿರ ಇದೆ. ಮೊಳಕ್ಕೊಂದು ಗಂಟು, ನಾಲ್ಕು ಮೊಳ ಸೇರಿ ಒಂದು ಮಾರು ಆದ ಕಡೆ ಕೆಂಪು ದಾರ, ತುದಿಗೆ ತಾಮ್ರದ ಗುಂಡು. ಗುಂಡು ನೀರು ಮುಟ್ಟಿದ ಕೂಡಲೇ ಹುರಿ ಸಡಿಲವಾಗುತ್ತದೆ, ಅದು ಬೆರಳಿಗೆ ಗೊತ್ತಾಗಬೇಕು. ಯುಗಾದಿಯ ಮಾರನೆಯ ಬೆಳಿಗ್ಗೆ ಊರಿನ ಎಲ್ಲ ಬಾವಿಗೂ ಹುರಿ ಬಿಡುತ್ತೇನೆ. ಮದುವೆ ಮಾತು ಬಂದಾಗ ಹೆಣ್ಣಿನ ಕಡೆಯವರ ಮುಂದೆ ಬಿಡುತ್ತೇನೆ. ನಾನು ಹೇಳಿದ ಲೆಕ್ಕವನ್ನು ಇದುವರೆಗೆ ಯಾರೂ ಮತ್ತೆ ಅಳೆದವರಿಲ್ಲ.

ನನ್ನ ಬಾವಿಯನ್ನು ನಾನೇ ಅಳೆಯುತ್ತಿದ್ದೆ. ಎಲ್ಲರದೂ ಮುಗಿದ ಮೇಲೆ ಹಿತ್ತಿಲಿಗೆ ಹೋಗಿ ಬಂದು, "ನಂದು ಮೂರು ಮಾರು" ಅನ್ನುತ್ತಿದ್ದೆ. ಹತ್ತು ವರ್ಷದಿಂದ ಅದು ಮೂರು ಮಾರೇ. ನಿಜವಾಗಿ ನೋಡಿದರೆ ಈ ಯುಗಾದಿಗೆ ಐದು ಮಾರಿಗೆ ಹೋಗಿತ್ತು. ಅಷ್ಟು ಆಳದಿಂದ ದಿನಕ್ಕೆ ಇಪ್ಪತ್ತು ಕೊಡ ಸೇದುವವಳು ನನ್ನ ಹೆಂಡತಿ ಚೆನ್ನಾಜಮ್ಮ. ನೆರೆಯವರು ಏಳುವ ಮೊದಲೇ ಅವಳು ಸೇದಿ ಮುಗಿಸುತ್ತಿದ್ದಳು. ಅವಳ ಅಂಗೈ ಎಮ್ಮೆಯ ಗೊರಸಿನಂತೆ ಗಟ್ಟಿಯಾಗಿತ್ತು. ತವರಿನವರು ಕೇಳಿದರೆ ರಾಗಿ ಬೀಸಿ ಹಾಗಾಗಿದೆ ಅನ್ನುತ್ತಿದ್ದಳು. ನನ್ನ ಸುಳ್ಳನ್ನು ಅವಳು ಹೀಗೆ ಹೊತ್ತಿದ್ದಳು. ನಾನು ಅದನ್ನು ನೋಡಿಯೂ ಹಗಲೆಲ್ಲ ಜಗುಲಿಯ ಮೇಲೆ ಕೂತು ಹುರಿಗೆ ಮೇಣ ಸವರುತ್ತಿದ್ದೆ.

ಪಕ್ಕದ ಮನೆಯ ಈರಣ್ಣ ಅಂಚೆ ಹಂಚುವವನು. ನನಗಿಂತ ಹದಿನೈದು ವರ್ಷ ದೊಡ್ಡವನು, ಅರವತ್ತೊಂದು. ಅವನ ಬಾವಿ ಈ ಸಲವೂ ಎರಡು ಮಾರು ಒಂದು ಮೊಳ. ಚೀಲ ಹೆಗಲಿಗೆ ಹಾಕಿಕೊಂಡು ಅವನು ದಿನಾ ಐದು ಹಳ್ಳಿ ನಡೆಯುತ್ತಾನೆ. ದಿನ ಬಿಟ್ಟು ದಿನ ಅಂಗಳದ ಗುಂಡುಕಲ್ಲನ್ನು ಇಪ್ಪತ್ತು ಸಲ ಎತ್ತಿ ಇಡುತ್ತಾನೆ. ಇಪ್ಪತ್ತೊಂದನೆಯದಕ್ಕೆ ಕೈ ಹಾಕಿದ್ದನ್ನು ನಾನು ಕಂಡಿಲ್ಲ. ಊಟ ಮಾಡಿದ ಮೇಲೆ ಮಾತಾಡುತ್ತ ಮಾತಾಡುತ್ತಲೇ ನಿದ್ದೆ ಹೋಗುತ್ತಾನೆ. ಅವನ ಬಾವಿ ಏರಿಯೂ ಇಲ್ಲ, ಬೇರೆಯವರದರ ಹಾಗೆ ಇಳಿದೂ ಇಲ್ಲ. ಯುಗಾದಿಯ ಅಳತೆ ಮುಗಿಸಿ ನಾನು ಹುರಿ ಸುತ್ತುತ್ತಿದ್ದಾಗ ನನ್ನ ಹೊಟ್ಟೆ ನೋಡಿ, "ಮಾದ, ಹುರಿ ಇನ್ನೂ ಒಂದಷ್ಟು ಮಿಗ್ತು. ಅದಕ್ಕೂ ಒಂದು ಸುತ್ತು ಹಾಕಿ ನೋಡ್ಕೊ" ಅಂದ. ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮಾರನೆಯ ದಿನದಿಂದಲೇ ಶುರು ಮಾಡಿದೆ. ಊರಾಚೆ ಪಾಳುಬಿದ್ದ ಸುಣ್ಣದ ಗೂಡಿದೆ, ಅಲ್ಲಿಗೆ ಯಾರೂ ಬರುವುದಿಲ್ಲ. ಬೆಳಿಗ್ಗೆ ಓಟ, ಇನ್ನೂರು ಬಸ್ಕಿ, ಕಲ್ಲೆತ್ತುವುದು. ಸಂಜೆ ಮತ್ತೆ ಅದೇ. ಹೊಟ್ಟೆ ಕರಗಲಿ ಎಂದು ಮುದ್ದೆಯಲ್ಲಿ ಅರ್ಧ ಬಿಟ್ಟೆ. ಕಾಲು ಸಿಡಿಯುತ್ತಿದ್ದದ್ದರಿಂದ ನಿದ್ದೆ ಬರುತ್ತಿರಲಿಲ್ಲ. ನಲವತ್ತು ದಿನ ಒಂದು ದಿನವೂ ತಪ್ಪಿಸಲಿಲ್ಲ. ನಲವತ್ತನೆಯ ಬೆಳಿಗ್ಗೆ ಹುರಿ ಬಿಟ್ಟರೆ ಗುಂಡು ಹೋಗುತ್ತಲೇ ಇತ್ತು. ಐದರ ಕೆಂಪು ದಾರ ಹೋಯಿತು, ಆರರದ್ದೂ ಹೋಯಿತು. ಆರೂವರೆಗೆ ನೀರು ಸಿಕ್ಕಿತು.

ಚೆನ್ನಾಜಮ್ಮ ಕೊಡ ಹಿಡಿದು ನಿಂತಿದ್ದಳು. "ಹಗ್ಗ ಸಾಲ್ತಿಲ್ಲ ಅಂತ ಮೊನ್ನೆಯಿಂದ ಸೀರೆ ಅಂಚು ಕಟ್ಕೊಂಡಿವ್ನಿ. ನಿಮಗೆ ಬೇಜಾರಾಗ್ತದೆ ಅಂತ ಹೇಳ್ಳಿಲ್ಲ" ಅಂದಳು.

ಆ ಸಿಟ್ಟಿಗೆ ಸಂಜೆ ದೊಡ್ಡ ಕಲ್ಲಿಗೆ ಕೈ ಹಾಕಿ ಮೊಣಕಾಲು ಉಳುಕಿಸಿಕೊಂಡೆ. ಎರಡು ವಾರ ಹಾಸಿಗೆ. ಅವಳು ಎಕ್ಕದ ಎಲೆ ಕಾಯಿಸಿ ಕಟ್ಟಿದಳು, ಎರಡು ಹೊತ್ತು ಮುದ್ದೆ ಸೊಪ್ಪಿನ ಸಾರು ಹಾಕಿದಳು, ನಾನು ತಿಂದೆ, ಎಂಟೆಂಟು ಗಂಟೆ ನಿದ್ದೆ ಮಾಡಿದೆ. ಹನ್ನೆರಡನೆಯ ದಿನ ಅವಳು ಕೊಡ ಇಳಿಸಿ, "ಏನೋ ಗೊತ್ತಿಲ್ಲ ಕಣ್ರೀ, ನೀರು ಮೇಲೆ ಬಂದದೆ" ಅಂದಳು. ಗೋಡೆ ಹಿಡಿದುಕೊಂಡು ಹೋಗಿ ಹುರಿ ಬಿಟ್ಟೆ. ಐದು ಮಾರಿಗೆ ಎರಡು ಬೆರಳು ಕಮ್ಮಿ.

ಹೀಗೆ ನನಗೆ ಒಂದು ವಿಷಯ ಗೊತ್ತಾಯಿತು. ಮೈ ದಂಡಿಸುವುದು ಮಿತಿ ಮೀರಿದರೆ, ಅನ್ನ ನಿದ್ದೆ ಬಿಟ್ಟು ದಂಡಿಸಿದರೆ, ನೀರು ಏರುವುದಿಲ್ಲ, ಇಳಿಯುತ್ತದೆ. ಬಿಟ್ಟು ಸುಧಾರಿಸಿಕೊಂಡರೆ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಊರಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಇದ್ದರೂ ನನ್ನ ಹಾಗೆಯೇ ಬಾಯಿ ಮುಚ್ಚಿಕೊಂಡಿದ್ದನೇನೋ.

ಕಾರಹುಣ್ಣಿಮೆ ಕಳೆದ ವಾರ ಈರಣ್ಣನ ಮಗ ಸಿದ್ಧರಾಜುಗೆ ಹೆಣ್ಣು ಗೊತ್ತಾಯಿತು. ಅವನಿಗೆ ಇಪ್ಪತ್ತನಾಲ್ಕು, ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಕೆರೆಯಾಚೆಯ ಊರಿನ ಮರಿಗೌಡರ ಅಂಗಡಿಗೆ ಮೂಟೆ ಇಳಿಸಲು ಹೋಗುತ್ತಿದ್ದಾಗ ಅವರ ಮಗಳು ಚಂದ್ರಕಲಾ ಲೆಕ್ಕ ಬರೆದುಕೊಳ್ಳುತ್ತಿದ್ದಳಂತೆ. ಅವಳು ಒಂದು ಮೂಟೆ ಹೆಚ್ಚು ಎಣಿಸಿ, ಇವನು ತಪ್ಪು ಅಂದು, ಅವಳು ಇಲ್ಲ ಅಂದು, ಎಲ್ಲವನ್ನೂ ಮತ್ತೆ ಎಣಿಸಿ, ಹಾಗೆ ಮಾತು ಬೆಳೆದದ್ದು. ಆ ಊರಿನಲ್ಲಿ ನಮ್ಮಂಥ ಬಾವಿಗಳಿಲ್ಲ, ನಲ್ಲಿ ನೀರು. ಆದರೆ ನಮ್ಮೂರಿಗೆ ಹೆಣ್ಣು ಕೊಡುವವರು ಬಾವಿ ನೋಡದೆ ಕೊಡುವುದಿಲ್ಲ. ಮೂರು ಮಾರಿನೊಳಗೆ ನೀರಿರಬೇಕು ಎಂದು ಮರಿಗೌಡರು ಹೇಳಿ ಕಳಿಸಿದರು. ಸಿದ್ಧರಾಜುದು ಯುಗಾದಿಗೆ ನಾನೇ ಅಳೆದಿದ್ದೆ, ಎರಡು ಮಾರು.

ಮದುವೆ ಮಾತು ಬಂದರೆ ನಮ್ಮಲ್ಲಿ ಹುಡುಗನ ಬಾವಿ ಏರಿಸುವುದು ಅಂತ ಮಾಡುತ್ತಾರೆ. ಸೋದರಮಾವಂದಿರು ಬಂದು ಹುಡುಗನನ್ನು ಹಿಡಿಯುತ್ತಾರೆ. ಮೂರು ವಾರ ಓಡಿಸುತ್ತಾರೆ, ಕಲ್ಲೆತ್ತಿಸುತ್ತಾರೆ, ಬಸ್ಕಿ ಹೊಡೆಸುತ್ತಾರೆ, ಅನ್ನ ಕಡಿಮೆ ಮಾಡಿ ಬರೀ ಹುರುಳಿ ಕಟ್ಟು ಕುಡಿಸುತ್ತಾರೆ. ಸಾಮಾನ್ಯವಾಗಿ ಹುಡುಗರು ಆ ಮೂರು ವಾರ ಕೆಲಸ ಬಿಟ್ಟು ಮನೆಯಲ್ಲಿರುತ್ತಾರೆ, ತಡೆದುಕೊಳ್ಳುತ್ತಾರೆ. ಸಿದ್ಧರಾಜು ಹಗಲೆಲ್ಲ ಗಿರಣಿಯಲ್ಲಿ ಮೂಟೆ ಹೊತ್ತು ಬಂದು ಮತ್ತೆ ಇದನ್ನು ಮಾಡುತ್ತಿದ್ದ. ಈರಣ್ಣ ಒಂದು ಸಲ, "ಸಾಕು ಬುಡ್ರಪ್ಪ, ಅವನ ಮೊಕ ನೋಡಿ" ಅಂದದ್ದು ನನಗೆ ಬೇಲಿಯಿಂದ ಕೇಳಿಸಿತು. "ನಿನಗೇನು ಗೊತ್ತು ಭಾವ, ನೀನು ಕಾಗದ ಹಂಚು" ಅಂದರು ಮಾವಂದಿರು. ಹುಡುಗ ಬಿಳಿಚಿಕೊಂಡಿದ್ದ. ಕಣ್ಣ ಕೆಳಗೆ ಕಪ್ಪು ಬಂದಿತ್ತು. ಏನಾಗುತ್ತಿದೆ ಎಂದು ನನಗೆ ಆಗಲೇ ಗೊತ್ತಾಗಿತ್ತು. ಬೇಲಿ ದಾಟಿ ಹೋಗಿ ಒಂದು ಮಾತು ಹೇಳಬಹುದಿತ್ತು. ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ ಅನ್ನಿಸಿ ಒಳಗೆ ಹೋದೆ.

ಅಳತೆಯ ದಿನ ಮರಿಗೌಡರು ತಮ್ಮ ಭಾಮೈದನ ಜತೆ ಸೂರ್ಯ ಹುಟ್ಟುವ ಹೊತ್ತಿಗೆ ಬಂದರು. ಈರಣ್ಣ ಅವತ್ತು ರಜೆ ಹಾಕಿ ಬಿಳಿ ಪಂಚೆ ಉಟ್ಟಿದ್ದ. ಬೀದಿಯ ಹೆಂಗಸರು ಬೇಲಿಯ ಬಳಿ ನಿಂತಿದ್ದರು, ಚೆನ್ನಾಜಮ್ಮನೂ ಇದ್ದಳು. ನಾನು ಹುರಿ ಬಿಟ್ಟೆ. ಎರಡರ ಕೆಂಪು ದಾರ ಹೋಯಿತು. ಮೂರರದ್ದು ಹೋಯಿತು. ನಾಲ್ಕರ ದಾರ ಕೈಗೆ ಬರುವ ಹೊತ್ತಿಗೆ ಹುರಿ ಸಡಿಲವಾಯಿತು.

"ನಾಲ್ಕು ಮಾರು" ಅಂದೆ.

ಸಿದ್ಧರಾಜು ನನ್ನ ಹತ್ತಿರ ಬಂದು, "ಮಾವ, ಇನ್ನೊಂದ್ಸಲ ನೋಡಿ" ಅಂದ. ನೋಡಿದೆ. ಅಷ್ಟೇ. "ಯುಗಾದಿಲಿ ಎರಡಿತ್ತಲ್ಲ ಮಾವ. ಇದು ಯಾಕಿಂಗಾಯ್ತು? ಏನಾರ ಮಾಡಬೌದಾ?" ಅಂದ. ಅವನ ಉಸಿರು ನನ್ನ ಕೆನ್ನೆಗೆ ತಾಗುತ್ತಿತ್ತು. ನಾನು ಹುರಿ ಸುತ್ತುತ್ತಿದ್ದೆ.

ಮರಿಗೌಡರು ಕೆಟ್ಟ ಮನುಷ್ಯರಲ್ಲ. ಬಾವಿಗೆ ಬಗ್ಗಿ ನೋಡಿ ನನ್ನ ಕಡೆ ತಿರುಗಿದರು. "ಅಳತೆಯವ್ರೇ, ನಮಗಿದು ತಿಳಿಯಲ್ಲ. ಹುಡುಗ ಒಳ್ಳೆಯವನು, ಮಗಳಿಗೂ ಮನಸ್ಸಿದೆ. ಹಿಂಗೆ ಇಳಿದದ್ದು ಮತ್ತೆ ಏರಿದ್ದನ್ನ ನೀವು ಕಂಡಿದ್ದೀರಾ? ಕಂಡಿದ್ದೀನಿ ಅನ್ನಿ, ನಾವು ಕಾಯ್ತೀವಿ."

ಹತ್ತು ದಿನ ಬಿಡಿ, ಹುಡುಗ ಉಂಡು ಮಲಗಲಿ ಎನ್ನುವ ಮಾತು ನನ್ನ ನಾಲಗೆಯ ಮೇಲೆ ಇತ್ತು. ಯಾರದು ಹಾಗೆ ಏರಿತು ಎಂದು ಅವರು ಕೇಳಿಯೇ ಕೇಳುತ್ತಾರೆ. ಊರಿನ ಎಲ್ಲ ಬಾವಿಯ ಲೆಕ್ಕ ಎಲ್ಲರಿಗೂ ಗೊತ್ತು, ಗೊತ್ತಿಲ್ಲದ್ದು ಒಂದೇ. ಹತ್ತು ವರ್ಷ ಮೂರು ಮಾರು ಅಂದ ಬಾಯಿಂದ ಆರೂವರೆ ಅನ್ನುವ ಮಾತು ಬರಬೇಕಿತ್ತು, ಬೇಲಿಯ ಬಳಿ ಅಷ್ಟೊಂದು ಹೆಂಗಸರು ನಿಂತಿದ್ದರು.

"ಕಂಡಿಲ್ಲ" ಅಂದೆ.

ಮರಿಗೌಡರು ಈರಣ್ಣನ ಭುಜ ಮುಟ್ಟಿ, ಕಾಫಿ ಕುಡಿಯದೆ ಹೊರಟುಹೋದರು. ಸಿದ್ಧರಾಜು ಬಾವಿಯ ಕಟ್ಟೆಯ ಮೇಲೆ ಕೂತ. ಅವನ ಮಾವಂದಿರಲ್ಲಿ ಒಬ್ಬ, "ಇನ್ನೂ ಒಂದು ವಾರ ಓಡಿಸಬೇಕಾಗಿತ್ತು" ಅಂದ.

ಮನೆಗೆ ಬಂದ ಮೇಲೆ ಚೆನ್ನಾಜಮ್ಮ ಒಲೆಯ ಮುಂದೆ ಕೂತು ಸೌದೆ ಒಳಗೆ ತಳ್ಳುತ್ತ ಒಂದೇ ಮಾತು ಕೇಳಿದಳು. "ನಮ್ಮದು ಏರಿರ್ಲಿಲ್ವಾ?"

ನಾನು ಕೈ ತೊಳೆಯಲು ಎದ್ದುಹೋದೆ. ಅವಳು ತಟ್ಟೆ ಇಟ್ಟಳು, ಬಡಿಸಿದಳು. ಅವತ್ತಿನಿಂದ ಬೇಕಾದ ಮಾತು ಮಾತ್ರ ಆಡಿದಳು. ಮೊದಲು ನಸುಕಿನಲ್ಲೇ ಸೇದುತ್ತಿದ್ದವಳು ಈಗ ಹೊತ್ತೇರಿದ ಮೇಲೆ, ಬೀದಿ ಎದ್ದ ಮೇಲೆ, ಬಾವಿಗೆ ಹೋಗತೊಡಗಿದಳು. ಕೇಳುವವರು ಕೇಳಲಿ ಎನ್ನುವ ಹಾಗೆ ನಿಧಾನವಾಗಿ ಸೇದುತ್ತಿದ್ದಳು. ನಾನು ಒಳಗೆ ಕೂತು ರಾಟೆಯ ಪ್ರತಿ ಕಿರ್ ಎಣಿಸುತ್ತಿದ್ದೆ.

ಸಿದ್ಧರಾಜು ಗಿರಣಿಗೆ ಹೋಗುವುದು ಬಿಟ್ಟ. ಬೀದಿಯ ಗಂಡಸರು ಅವನನ್ನು ಕಂಡರೆ ಮಾತು ಕಡಿಮೆ ಮಾಡುತ್ತಿದ್ದರು, ಕಾಯಿಲೆಯವರ ಮುಂದೆ ಮಾಡುವ ಹಾಗೆ. ಊರಿನ ಅರಳಿಕಟ್ಟೆಯ ಮೇಲೆ ಯಾರೋ, "ಮೂಟೆ ಹೊರೋಕೆ ಆಯ್ತದೆ, ಹೆಣ್ಣು ಸಾಕೋಕೆ ಆಗಲ್ಲ" ಅಂದರು. ನಾನು ಅಲ್ಲೇ ಕೂತಿದ್ದೆ. ನಗಲಿಲ್ಲ, ಅಷ್ಟು ಮಾತ್ರ. ಹೇಳೋಣ ಎಂದು ಎರಡು ಸಲ ಈರಣ್ಣನ ಬಾಗಿಲ ತನಕ ಹೋದೆ. ಒಂದು ಸಲ ಬೆಂಕಿಪೊಟ್ಟಣ ಕೇಳಿಕೊಂಡು ಬಂದೆ, ಇನ್ನೊಂದು ಸಲ ಏನೂ ಕೇಳದೆ ಬಂದೆ. ಹಾಗೆ ಹತ್ತು ದಿನ ಹೋಯಿತು.

ಹನ್ನೊಂದನೆಯ ಬೆಳಿಗ್ಗೆ ಚೆನ್ನಾಜಮ್ಮ ನೀರಿನ ಕೊಡ ಇಳಿಸಿದಾಗ ಅವಳ ಅಂಗೈ ಬಿರಿದು ಕೊಡದ ಕಂಠಕ್ಕೆ ರಕ್ತ ಹತ್ತಿತ್ತು. ಅವಳು ಅದನ್ನು ಸೆರಗಿನಲ್ಲಿ ಒರೆಸಿ ಒಲೆಯ ಮೇಲಿಟ್ಟಳು. ನಾನು ಚಪ್ಪಲಿ ಮೆಟ್ಟಿಕೊಂಡು ಕೆರೆಯಾಚೆಯ ಊರಿಗೆ ಹೊರಟೆ. ಮೊಣಕಾಲು ಇನ್ನೂ ನೋಯುತ್ತಿತ್ತು. ಕೆರೆಯ ಏರಿ ದಾಟಿ ಹೋಗುವಾಗ ಹೇಳಬೇಕಾದ ಮಾತನ್ನು ಹೇಳಿಕೊಳ್ಳುತ್ತ ಹೋದೆ. ಪ್ರತಿ ಸಲವೂ ಅದು ನನ್ನ ಬಾವಿಯ ಲೆಕ್ಕ ಬರುವ ಮೊದಲೇ ನಿಂತುಬಿಡುತ್ತಿತ್ತು.

ಮರಿಗೌಡರು ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದರು. ಚಂದ್ರಕಲಾ ಹಿಂದೆ ಲೆಕ್ಕದ ಪುಸ್ತಕ ಹಿಡಿದಿದ್ದಳು. ನನ್ನನ್ನು ಕಂಡು ಮರಿಗೌಡರು ಸ್ಟೂಲು ಎಳೆದು ಹಾಕಿದರು. ಕೂರಲಿಲ್ಲ. ನಿಂತೇ ಹೇಳಿದೆ. ಹುಡುಗ ಸುಸ್ತಾಗಿದ್ದ, ಸುಸ್ತಾದರೆ ನೀರು ಇಳಿಯುತ್ತದೆ, ಸುಧಾರಿಸಿಕೊಂಡರೆ ಏರುತ್ತದೆ, ನನಗೆ ಅದು ಗೊತ್ತಿತ್ತು, ಗೊತ್ತಿದ್ದೂ ಕಂಡಿಲ್ಲ ಅಂದೆ.

ಮರಿಗೌಡರು ತಕ್ಕಡಿ ಕೆಳಗಿಟ್ಟರು. "ಯಾಕೆ?" ಅಂದರು.

"ನಂದೇ ಹಂಗಾಗಿತ್ತು. ಹೇಳೋಕೆ ನಾಚಿಕೆ ಆಯ್ತು."

"ನಿಮ್ಮ ನಾಚಿಕೆಗೆ ನಮ್ಮ ಮನೆ ಮಾತು ಮುರಿದ್ರಾ?" ಅವರ ದನಿ ಏರಿರಲಿಲ್ಲ. "ಮೊನ್ನೆ ಬುಧವಾರ ಬೇರೆ ಕಡೆ ವೀಳ್ಯ ಬದಲಾಯಿಸಿಬಿಟ್ವಿ, ಅಳತೆಯವ್ರೇ. ಅವರಿಗೆ ಮಾತು ಕೊಟ್ಟಾಯ್ತು. ಒಂದು ನಾಲ್ಕು ದಿನ ಮೊದ್ಲು ಬಂದಿದ್ರೆ ನಾನೇ ಎದ್ದು ಬರ್ತಿದ್ದೆ."

ಚಂದ್ರಕಲಾ ಪುಸ್ತಕದಿಂದ ತಲೆ ಎತ್ತಿದಳು. ಅಳುತ್ತಿರಲಿಲ್ಲ. "ನಾನು ವರ್ಷ ಬೇಕಾದ್ರೂ ಕಾಯ್ತೀನಿ ಅಂದಿದ್ದೆ ಅಪ್ಪಯ್ಯನಿಗೆ. ಏರಲ್ಲ ಅಂತ ಅಳತೆಯವ್ರೇ ಅಂದ್ರು ಅಂತ ಹೇಳಿದ್ರು. ಅದಕ್ಕೆ ಸುಮ್ಮನಾದೆ" ಅಂದಳು. ಆಮೇಲೆ ಒಳಗೆ ಹೋಗಿ ಒಂದು ಚೊಂಬು ನೀರು ತಂದು ನನ್ನ ಮುಂದೆ ಇಟ್ಟಳು. ಬಿಸಿಲಿನಲ್ಲಿ ನಡೆದು ಬಂದವರಿಗೆ ಯಾರಾದರೂ ಇಡುತ್ತಾರೆ, ಹಾಗೆ ಇಟ್ಟಳು. ಕುಡಿದೆ. ಕುಡಿಯದೆ ಇರಲು ನನಗೆ ಯೋಗ್ಯತೆ ಇರಲಿಲ್ಲ.

ವಾಪಸು ಬರುವಾಗ ಕೆರೆ ಏರಿಯ ಮೇಲೆ ಸಿದ್ಧರಾಜು ಎದುರು ಸಿಕ್ಕ. ಅಪ್ಪನ ಅಂಚೆ ಚೀಲ ಅವನ ಹೆಗಲಲ್ಲಿತ್ತು. ಮನೆಯಲ್ಲಿ ಕೂತು ಕೂತು ಸಾಕಾಗಿ ಮೂರು ದಿನದಿಂದ ಅಪ್ಪನ ಬದಲು ಹತ್ತಿರದ ಎರಡು ಹಳ್ಳಿ ತಾನೇ ನಡೆಯುತ್ತಿದ್ದನಂತೆ. ಮುಖಕ್ಕೆ ಬಣ್ಣ ಬಂದಿತ್ತು.

"ಎಲ್ಲಿಗೋಗಿದ್ರಿ ಮಾವ, ಈ ಕಾಲಲ್ಲಿ?"

ಹೇಳಿದೆ. ಅಲ್ಲಿ ಹೇಳಿದ್ದನ್ನೂ, ಅಲ್ಲಿ ಕೇಳಿದ್ದನ್ನೂ ಹೇಳಿದೆ. ಅವನು ಚೀಲದ ಪಟ್ಟಿ ಹಿಡಿದುಕೊಂಡು ಕೆರೆಯ ಕಡೆ ನೋಡುತ್ತಿದ್ದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದರೆ ಚೆನ್ನಾಗಿತ್ತು.

"ಅವತ್ತು ನಿಮ್ಮುನ್ನೇ ಕೇಳ್ದೆ" ಅಂದ. "ಅಷ್ಟು ಜನ ಇದ್ರು, ನಾನು ನಿಮ್ಮುನ್ನ ಕೇಳ್ದೆ."

"ಹೂಂ."

"ಬುಧವಾರ ಆಯ್ತಾ?"

"ಬುಧವಾರ."

ಅವನು ಸ್ವಲ್ಪ ದೂರ ನಡೆದು ಹೋಗಿ ಮತ್ತೆ ನಿಂತ. "ಇದನ್ನ ನಮ್ಮಪ್ಪನಿಗೆ ನೀವೇ ಹೇಳಿ. ನಾನು ಹೇಳಿದ್ರೆ ನಂಬಲ್ಲ. ಮಾದ ತಪ್ಪು ಮಾತಾಡೋನಲ್ಲ ಅಂತ ಇವತ್ತು ಬೆಳಿಗ್ಗೇನೂ ಅಂತಿದ್ದ" ಅಂದು ಏರಿ ಇಳಿದು ಹೋದ. ಅವನ ನಡಿಗೆ ಅವನ ಅಪ್ಪನ ನಡಿಗೆಯೇ, ಅವಸರವಿಲ್ಲದ್ದು. ಮರೆಯಾಗುವ ತನಕ ನಿಂತಿದ್ದು, ಊರ ಕಡೆ ಹೊರಟೆ.

ಈರಣ್ಣ ಅಂಗಳದಲ್ಲಿ ಕಲ್ಲೆತ್ತಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ನನ್ನನ್ನು ಕಂಡದ್ದೇ ಅವನ ಮುಖ ಅರಳಿತು. "ಬಾ ಮಾದ, ನಿನ್ನೇ ಕೂಗಬೇಕು ಅಂತಿದ್ದೆ. ಹುಡುಗನ ಬಾವೀಲಿ ನೀರು ಏರ್ಯದೆ ಕಣಯ್ಯ. ನಾನು ಹಗ್ಗದಲ್ಲೇ ನೋಡ್ದೆ, ಎರಡೂವರೆ ಇರಬೌದು. ಅದ್ಯಾಕೆ ಇಳೀತೋ, ಅದ್ಯಾಕೆ ಏರ್ತೋ ದೇವರಿಗೇ ಗೊತ್ತು. ನಿನ್ನ ಹುರಿ ಹಾಕಿ ಒಂದ್ಸಲ ನೋಡು. ನಾಳೆ ನಾವಿಬ್ರೂ ಮರಿಗೌಡರ ಹತ್ರ ಹೋಗಿ ಬರಾಣ. ನೀನು ಹೇಳಿದ್ರೆ ಕೇಳ್ತಾರೆ." ಒಳಗೆ ತಿರುಗಿ, "ಮಾದಪ್ಪ ಬಂದವ್ನೆ, ಕಾಫಿ ಇಡು" ಅಂದ.

ಜಗುಲಿಯ ಮೇಲೆ ನನಗಾಗಿ ಜಾಗ ಬಿಟ್ಟು ಸರಿದು ಕೂತ. ಬೇಲಿಯ ಆಚೆ ನಮ್ಮ ಹಿತ್ತಿಲಿನಲ್ಲಿ ಚೆನ್ನಾಜಮ್ಮ ಬಟ್ಟೆ ಹಿಂಡುತ್ತಿದ್ದವಳು ಕೈ ನಿಲ್ಲಿಸಿ ನಮ್ಮ ಕಡೆ ನೋಡಿದಳು. ಬೀದಿಯಲ್ಲಿ ಇಬ್ಬರು ನಡೆದು ಹೋಗುತ್ತಿದ್ದರು, ಅವರು ದಾಟಿ ಹೋಗಲಿ ಎಂದು ಕಾಯುತ್ತಿದ್ದೇನೆ ಎಂದು ನನಗೇ ಗೊತ್ತಾಯಿತು. ಅವರು ಅಲ್ಲಿರುವಾಗಲೇ ಬಾಯಿ ತೆರೆದೆ.

"ಈರಣ್ಣ, ನನ್ನ ಬಾವಿ ಮೂರು ಮಾರಲ್ಲ, ಐದು. ಯುಗಾದಿ ಆದ್ಮೇಲೆ ಕಲ್ಲೆತ್ತಿ ಎತ್ತಿ ಆರೂವರೆಗೆ ಇಳಿದಿತ್ತು" ಅಂದೆ. "ಆಮೇಲೆ ಹನ್ನೆರಡು ದಿನ ಉಂಡು ಮಲಗಿದೆ. ಏರ್ತು."